ಪತ್ರಿಕೆಯಲ್ಲಿದ್ದ ಕೂದಲು

ನೆಫಿಸೆಯ ಅತ್ತೆ ಶೆರಿಫೆ ನಾಯಿಯ ಹಾಗೆ ಉಣ್ಣುತ್ತಿದ್ದಳು. ಬಟ್ಟಲನ್ನು ನೆಲದ ಮೇಲಿಡಿಸಿಕೊಂಡು, ಮೊಣಕಾಲೂರಿ, ಬಾಯಿಯನ್ನೇ ಅದರೊಳಕ್ಕೆ ಹಾಕುತ್ತಿದ್ದಳು. ಗಂಜಿ ಮೂಗಿಗೆ ಹತ್ತುತ್ತಿತ್ತು, ಗಲ್ಲದಿಂದ ಸುರಿಯುತ್ತಿತ್ತು. ಒರೆಸಿಕೊಳ್ಳಲು ಅವಳಿಗಿದ್ದದ್ದು ಇದ್ದೂ ಇಲ್ಲದ ಕೈಗಳು. ಐವತ್ತು ವರ್ಷ ತಂಬಾಕಿನ ಎಲೆಗಳನ್ನು ಮೊಳದುದ್ದದ ಸೂಜಿಗೆ ಪೋಣಿಸಿ ಪೋಣಿಸಿ ಬೆರಳುಗಳು ಕೋಳಿಕಾಲಿನಂತೆ ಮಡಚಿಕೊಂಡಿದ್ದವು.

ಬೆರಳು ಮಡಚಿದಾಗಿನಿಂದ ಸೊಸೆಯೇ ತುತ್ತು ಮಾಡಿ ಅವಳ ಬಾಯಿಗಿಡುತ್ತಿದ್ದಳು. ಈ ಮಾರ್ಚ್‌ನಲ್ಲಿ ಅದು ನಿಂತಿತು. "ಆ ಕೈ ನನ್ ಬಾಯಿ ಹತ್ರ ತರಬ್ಯಾಡ. ನಿನ್ ಕೈತುತ್ತು ತಿನ್ನೋದಕ್ಕಿಂತ ನಾಯಿ ಹಂಗೆ ನೆಕ್ಕೊಂಡು ತಿಂತೀನಿ," ಎಂದಿದ್ದಳು ಮುದುಕಿ. ಅಷ್ಟು ಹೇಳಿದ ಮೇಲೆ ಮಾತನ್ನೂ ಬಿಟ್ಟಳು. ಒಂದೇ ಮನೆ, ಒಂದೇ ಒಲೆ. ಮಾರ್ಚ್ ಹೋಗಿ ಆಗಸ್ಟ್ ಬಂದರೂ ಮಾತಿಲ್ಲ.

ಇದಕ್ಕೆಲ್ಲ ಕಾರಣ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ.

ಬಲ್ಗೇರಿಯದ ರೊಡೋಪಿ ಬೆಟ್ಟಗಳ ಆ ಹಳ್ಳಿಗೆ ರಸ್ತೆಗಿಂತ ಮೊದಲು ಪತ್ರಿಕೆ ಬಂದಿತ್ತು. ಹೇಸರಗತ್ತೆಯ ಮೇಲೆ ಬಂದಿತ್ತು. ಅಲ್ಲಿಯ ತುರ್ಕರಿಗೆಂದು ಪಕ್ಷ ಆಗ ಅವರ ಭಾಷೆಯಲ್ಲೂ ಒಂದು ಪತ್ರಿಕೆ ಹೊರಡಿಸುತ್ತಿತ್ತು. ನೆಫಿಸೆಯ ಅಪ್ಪ ಓದಲು ಕಲಿತದ್ದು ಅದರಲ್ಲೇ. ಕಲಿತು ಅವನು ಓದಿದ ಮೊದಲ ಸುದ್ದಿ ಅವನದೇ ಆಗಿತ್ತು: ಇಂಥ ಹಳ್ಳಿಯ ಇಂಥವನು ತನ್ನ ಹೊಲವನ್ನೂ ಎರಡು ಹೇಸರಗತ್ತೆಗಳನ್ನೂ ಸಂತೋಷದಿಂದ ಸಹಕಾರಿ ಬೇಸಾಯಕ್ಕೆ ಒಪ್ಪಿಸಿದ್ದಾನೆ. ಅವನು ಅದನ್ನು ಓದುವಾಗ ಹೇಸರಗತ್ತೆಗಳು ಇನ್ನೂ ಅವನ ಕೊಟ್ಟಿಗೆಯಲ್ಲೇ ಮೇವು ತಿನ್ನುತ್ತಿದ್ದವು. ಆಮೇಲೆ ಪಕ್ಷದವರು ಬಂದರು. ಅಂಗಾಲಿನ ಚರ್ಮ ಒಡೆಯುವ ತನಕ ಹೊಡೆದು, ಹೇಸರಗತ್ತೆಗಳನ್ನು ಹಿಡಿದುಕೊಂಡು ಹೋದರು. ಅಪ್ಪ ಸಾಯುವ ತನಕ ಒಂದೇ ಮಾತು ಹೇಳುತ್ತಿದ್ದ: "ಪತ್ರಿಕೆ ಸುಳ್ಳು ಬರಿಯಲ್ಲ ಮಗಳೇ, ಮುಂಚೇನೇ ಬರೀತದೆ. ಆಮ್ಯಾಕೆ ಬಂದು ಹೊಡೆದು ನಿಜ ಮಾಡ್ತಾರೆ."

ಪತ್ರಿಕೆ ಬೇಡ ಅನ್ನುವ ಹಾಗಿರಲಿಲ್ಲ. ಚಂದಾ ಕೂಲಿಯಲ್ಲೇ ಮುರಿದುಕೊಳ್ಳುತ್ತಿದ್ದರು. ಓದುವವರು ಕಡಿಮೆ, ಆದರೆ ಅದಿಲ್ಲದೆ ಯಾವ ಮನೆಯೂ ನಡೆಯುತ್ತಿರಲಿಲ್ಲ. ಒಲೆ ಹೊತ್ತಿಸಲು ಅದೇ, ಕಿಟಕಿಯ ಸಂದಿಗೆ ತುರುಕಲು ಅದೇ, ಮೊಟ್ಟೆ ಸುತ್ತಲು ಅದೇ, ಕಕ್ಕಸಿನ ಮೊಳೆಗೆ ಸಿಕ್ಕಿಸಲೂ ಅದೇ. ನೇಮ ಮಾತ್ರ ಒಂದಿತ್ತು. ಮೊದಲು ದೊಡ್ಡ ನಾಯಕನ ಮುಖವನ್ನು ಕತ್ತರಿಸಿ ತೆಗೆದಿಡಬೇಕು. ಪಕ್ಕದ ಊರಿನ ಮುದುಕನೊಬ್ಬ ಸಂತೆಯಿಂದ ನಾಯಕನ ಮುಖದಲ್ಲಿ ಮೀನು ಸುತ್ತಿಕೊಂಡು ಬಂದ ತಪ್ಪಿಗೆ ಎರಡು ವರ್ಷ ಕಲ್ಲು ಒಡೆದಿದ್ದ. ಅಂದಿನಿಂದ ಎಲ್ಲರ ಮನೆಯಲ್ಲೂ ಒಲೆಯ ಪಕ್ಕ ಒಂದು ಕತ್ತರಿ ತೂಗುತ್ತಿತ್ತು. ಕತ್ತರಿಸಿದ ಮುಖಗಳನ್ನು ಎಸೆಯುವ ಹಾಗಿಲ್ಲ, ಸುಡುವ ಹಾಗಂತೂ ಇಲ್ಲವೇ ಇಲ್ಲ. ಶೆರಿಫೆಯ ಮಂಚದ ಕೆಳಗೆ ನಾಯಕ ಒಂದು ಮೂಟೆಯಷ್ಟಿದ್ದ.

ಹೋದ ಚಳಿಗಾಲದಲ್ಲಿ ಸೈನ್ಯ ಬಂತು. ಹಿಮದಲ್ಲಿ ಬಂತು, ನಾಯಿಗಳನ್ನು ಹಿಡಿದುಕೊಂಡು ಬಂತು. ಇಡೀ ಊರನ್ನು ಚೌಕದಲ್ಲಿ ನಿಲ್ಲಿಸಿದರು. ತುರ್ಕರು ಅನ್ನುವವರು ಈ ದೇಶದಲ್ಲಿ ಇಲ್ಲ, ಇರಲೇ ಇಲ್ಲ, ನೀವೆಲ್ಲ ಹೆಸರು ಮರೆತ ಬಲ್ಗೇರಿಯನ್ನರು ಎಂದರು. ಮೇಜಿನ ಮುಂದೆ ಸಾಲು ಹಚ್ಚಿದರು. ನೆಫಿಸೆ ಹೋಗಿ ನೆವೆನಾ ಆಗಿ ಬಂದಳು. ಶೆರಿಫೆ ಸ್ತೆಫ್ಕಾ ಆದಳು. ಮಣ್ಣಿನಡಿ ಮಲಗಿದ್ದ ಮಾವನಿಗೂ ಒಂದು ಹೊಸ ಹೆಸರು ಕೊಟ್ಟರು. ಸತ್ತವನು ಬೇಡ ಅನ್ನಲಿಲ್ಲ. ಬೇಡ ಅಂದವನು ನೆಫಿಸೆಯ ಗಂಡ ನಾಜಿಫ್ ಒಬ್ಬನೇ.

"ಈ ಹೆಸ್ರು ನಮ್ಮಪ್ಪ ಇಟ್ಟಿದ್ದು. ಬದಲಾಯಿಸ್ಬೇಕಂದ್ರೆ ಅವನ್ನೇ ಎಬ್ಬಿಸಿ ಕೇಳ್ಕಳಿ," ಅಂದ.

ಬಂದೂಕಿನ ಹಿಡಿಯಿಂದ ಬಾಯಿಗೆ ಬಡಿದರು. ಹಲ್ಲುಗಳು ಹಿಮದ ಮೇಲೆ ಬಿದ್ದವು. ನಾಜಿಫ್‌ನನ್ನು ಲಾರಿಗೆ ಎಸೆದು ಡ್ಯಾನ್ಯೂಬ್ ನದಿಯ ನಡುವೆ ಇರುವ ದ್ವೀಪದ ಕೈದಿ ಶಿಬಿರಕ್ಕೆ ಸಾಗಿಸಿದರು. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ನೆಫಿಸೆ ಬಗ್ಗಿ ಹಲ್ಲುಗಳನ್ನು ಆರಿಸಿಕೊಂಡಳು.

ತುರ್ಕಿ ಪತ್ರಿಕೆಯೂ ಅದೇ ಚಳಿಗಾಲದಲ್ಲಿ ತಿರುಗಿಬಿತ್ತು. ನಿನ್ನೆಯ ತನಕ ತುರ್ಕಿಯಲ್ಲಿ ಮಾತಾಡುತ್ತಿದ್ದ ಪತ್ರಿಕೆ ಬೆಳಗ್ಗೆ ಎದ್ದು, ಅಂಥ ಭಾಷೆಯನ್ನು ತಾನು ಕೇಳಿಯೇ ಇಲ್ಲ ಅಂದಿತು. ಬೀದಿಯಲ್ಲಿ ತುರ್ಕಿ ಮಾತಾಡಿದರೆ ದಂಡ. ಸತ್ತವರ ನೆನಪಿಗೆ ಮನೆಯಲ್ಲಿ ಹಿಟ್ಟಿನ ಹಲ್ವಾ ಹುರಿಯುವ ಹಳೆಯ ಪದ್ಧತಿಗೂ ಶಿಕ್ಷೆ. ನಾಚಿಕೆ ಬಿಟ್ಟವರು ಊರಿಗೆ ದೊಡ್ಡವರು ಅಂತಾರಲ್ಲ, ಹಾಗಿತ್ತು ಅದರ ಆಳ್ವಿಕೆ.

ಮಾರ್ಚ್‌ನಲ್ಲಿ ರಾಜಧಾನಿ ಸೋಫಿಯಾದಿಂದ ಯಾನಾಕಿಯೆವ್ ಎಂಬ ವರದಿಗಾರ ಬಂದ. ನೆಫಿಸೆಯನ್ನೇ ಹುಡುಕಿಕೊಂಡು ಬಂದ. ಅದಕ್ಕೆ ಹಿಂದಿನ ವರ್ಷ ಅವಳು ಇಡೀ ಜಿಲ್ಲೆಯಲ್ಲಿ ಹೆಚ್ಚು ತಂಬಾಕು ಪೋಣಿಸಿದವಳೆಂದು ಪದಕ ಪಡೆದಿದ್ದಳು. ಪತ್ರಿಕೆಯವರು ಆಗ ಅವಳ ಫೋಟೋ ತೆಗೆದಿದ್ದರು. ಈಗ ಈ ವರದಿಗಾರ ಅಂಗಳದಲ್ಲಿ ಕೂತು ಅವಳು ಕೊಟ್ಟ ಮಜ್ಜಿಗೆ ಕುಡಿದ. ಸಸಿ ಹೇಗಿದೆ, ಹುಳ ಬಿದ್ದಿದೆಯಾ, ಕೈಗೆ ಹತ್ತಿದ ಅಂಟು ಹೇಗೆ ತೊಳೆಯುತ್ತೀರಿ ಎಂದು ಕೇಳಿದ. ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಟಳು. ಅವನು ಬರೆದುಕೊಂಡ. ಶೆರಿಫೆ ಒಳಗಿನಿಂದ ನೋಡುತ್ತಿದ್ದಳು, ಬಲ್ಗೇರಿಯನ್ ಅವಳಿಗೆ ಬಾರದು.

ತಂಬಾಕಿನ ಷೆಡ್ಡಿನಲ್ಲಿ ದಿನಾ ಬೆಳಗ್ಗೆ ಪಕ್ಷದ ಕಾರ್ಯದರ್ಶಿ ವಲ್ಕೊ ಮಿತ್ಕೊವ್ ಪತ್ರಿಕೆ ಓದಿ ಹೇಳುತ್ತಿದ್ದ. ಹೆಂಗಸರು ಎಲೆ ವಿಂಗಡಿಸುತ್ತಲೋ ಪೋಣಿಸುತ್ತಲೋ ಕೇಳಬೇಕು. ಎರಡೂ ಕೈಗೆ ಕೆಲಸವಿರುವವರು ಕಿವಿ ಮುಚ್ಚಿಕೊಳ್ಳುವುದು ಹೇಗೆ? ಆವತ್ತು ವಲ್ಕೊ ಗಂಟಲು ಸರಿಮಾಡಿಕೊಂಡು, "ನಮ್ಮ ನೆವೆನಾ ಬರೆದಿದ್ದಾಳೆ, ಕೇಳಿ," ಅಂದ.

ಅವಳು ಬರೆದದ್ದು ಹೀಗಿತ್ತು. 'ನನ್ನ ಪೂರ್ವಿಕರು ಬಲ್ಗೇರಿಯನ್ನರು. ನನ್ನ ನಿಜವಾದ ಹೆಸರನ್ನು ಪಕ್ಷ ನನಗೆ ಮರಳಿ ಕೊಟ್ಟಿದೆ. ತಲೆವಸ್ತ್ರವೆಂಬ ಕತ್ತಲೆಯನ್ನು ನಾನಾಗಿಯೇ ಕಿತ್ತೆಸೆದಿದ್ದೇನೆ. ನನ್ನ ಗಂಡ ಶತ್ರುಗಳ ಮಾತು ಕೇಳಿ ಕೆಟ್ಟ. ಅವನಿಗೆ ಆದ ಶಿಕ್ಷೆ ನ್ಯಾಯವಾದದ್ದು.'

ನೆಫಿಸೆಯ ಕೈಯಿಂದ ಎಲೆ ಬಿತ್ತು. ವಲ್ಕೊ ಪತ್ರಿಕೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. ಅದರಲ್ಲಿ ಅವಳ ಮುಖವಿತ್ತು. ಪದಕ ಬಂದಾಗ ತೆಗೆದ ಅದೇ ಫೋಟೋ. ಆದರೆ ತಲೆಯ ಮೇಲೆ ವಸ್ತ್ರ ಇರಲಿಲ್ಲ. ಸೋಫಿಯಾದಲ್ಲಿ ಯಾವನೋ ಕುಂಚ ಹಿಡಿದು ಕೂತವನು ವಸ್ತ್ರವನ್ನು ಅಳಿಸಿ, ಅಲ್ಲಿ ಕೂದಲು ಬರೆದಿದ್ದ. ಕಿವಿಯ ತನಕ ಕತ್ತರಿಸಿದ, ಗುಂಗುರು ಗುಂಗುರಾದ, ಪಟ್ಟಣದ ಹೆಂಗಸಿನ ಕೂದಲು. ಗಂಡ ಮತ್ತು ಅತ್ತೆ ಬಿಟ್ಟರೆ ಅವಳ ಕೂದಲನ್ನು ಕಂಡವರಿಲ್ಲ. ಈಗ ಇಡೀ ದೇಶ ಅವಳ ಕೂದಲನ್ನು ಕಂಡಿತ್ತು, ಅದು ಅವಳದಾಗಿರಲಿಲ್ಲ.

"ನಾ ಹೇಳಿಲ್ಲ," ಅಂದಳು ನೆಫಿಸೆ ಪಕ್ಕದಲ್ಲಿದ್ದ ಗುಲ್ಸುಮ್‌ಗೆ. "ಅಕ್ಕಾ, ದೇವ್ರಾಣೆ, ಅವನು ಕೇಳಿದ್ದು ಹುಳದ್ ವಿಚಾರ."

"ಹುಳ ಬಿದ್ದಿರೋದು ಎಲ್ಲಿ ಅಂತ ಗೊತ್ತಾಯ್ತು ಬಿಡು," ಅಂದಳು ಗುಲ್ಸುಮ್. ಅವಳ ನಾಲಿಗೆ ಸೂಜಿಗಿಂತ ಚೂಪು. "ಅಷ್ಟೊತ್ತು ಅಂಗಳದಾಗೆ ಕೂತು ಮಜ್ಜಿಗೆ ಕುಡಿದು ಹೋದ್ನಲ್ಲ, ಮಜ್ಜಿಗೆ ಜೊತೆ ಗಂಡನ್ನೂ ಬಗ್ಗಿಸಿ ಕೊಟ್ಟೆಯಾ?"

ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಮೇಕೆ ಎಷ್ಟು ಅರಚಿದರೂ ಬಾಯಿಯ ಮೇಲೆ ಮೊಸರಿತ್ತು. ಊರಿನಲ್ಲಿ ಅವಳ ಸಲಾಮಿಗೆ ಸಲಾಮು ಬರುವುದು ನಿಂತಿತು. ಬಾವಿಯಲ್ಲಿ ಅವಳು ಮುಟ್ಟಿದ ಹಗ್ಗವನ್ನು ತೊಳೆದು ಮುಟ್ಟಿದರು. ಒಂದು ದಿನ ಷೆಡ್ಡಿನ ಹಿಂದಿನ ಕಕ್ಕಸಿಗೆ ಹೋದಾಗ ಮೊಳೆಯಲ್ಲಿ ಹಾಳೆಗಳು ಸಿಕ್ಕಿಸಿದ್ದವು. ನಾಯಕನ ಮುಖವನ್ನು ನೇಮದಂತೆ ಕತ್ತರಿಸಿ ತೆಗೆದಿದ್ದರು. ಅವಳ ಮುಖವನ್ನು ಬಿಟ್ಟಿದ್ದರು. ಎಲ್ಲ ಹಾಳೆಯಲ್ಲೂ ಅವಳೇ. ಮನೆಮನೆಯಿಂದ ಕೂಡಿಸಿ ತಂದು ಸಿಕ್ಕಿಸಿದ್ದರು. ನೆಫಿಸೆ ಬಾಗಿಲು ಹಾಕಿಕೊಂಡು ಅವನ್ನೆಲ್ಲ ಕಿತ್ತು, ರವಿಕೆಯೊಳಗೆ ತುರುಕಿಕೊಂಡು ಬಂದು ಮತ್ತೆ ಎಲೆಗೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಮೊಳೆಯಲ್ಲಿ ಮತ್ತೆ ಅವಳೇ ಇದ್ದಳು.

ಇದೆಲ್ಲವನ್ನೂ ಅವಳು ತಡೆದುಕೊಂಡದ್ದು ಒಂದೇ ಆಸೆಗೆ. ನಾಜಿಫ್ ಬರುತ್ತಾನೆ. ಬಂದು, ಹಲ್ಲಿಲ್ಲದ ಬಾಯಲ್ಲೇ ನಕ್ಕು, "ಇವಳು ಹಂಗೆಲ್ಲ ಅಂದಿರಲ್ಲ ಕಣವ್ವಾ," ಅಂತಾನೆ. ಅವನೊಬ್ಬ ಅಂದರೆ ಸಾಕು. ಊರು ಬೇಕಾದರೆ ಹಾಳಾಗಿ ಹೋಗಲಿ. ಜುಲೈಯಲ್ಲಿ ಅವನಿಗೆಂದು ಉಣ್ಣೆಯ ಕಾಲುಚೀಲ ಹೆಣೆದು ವಲ್ಕೊನ ಕೈಗೆ ಕೊಟ್ಟಿದ್ದಳು. "ತಲುಪಿಸ್ತೀನಿ," ಎಂದು ತೆಗೆದುಕೊಂಡಿದ್ದ.

ಆಗಸ್ಟ್‌ನಲ್ಲಿ ಆ ವಲ್ಕೊ ಮನೆಗೇ ಬಂದ. ಶೆರಿಫೆ ಬಟ್ಟಲಿಗೆ ಬಗ್ಗಿದ್ದಳು. ನೋಡಿ ಹುಬ್ಬು ಗಂಟಿಕ್ಕಿದ.

"ಇದೇನಿದು ಅಸಹ್ಯ? ಬುಧವಾರ ಹೊರದೇಶದ ಪತ್ರಕರ್ತರು ಬರ್ತಿದ್ದಾರೆ. ಇಲ್ಲಿ ತುರ್ಕರಿಗೆ ಹಿಂಸೆ ಆಗ್ತಿದೆ ಅಂತ ಯಾವನೋ ಅವರ ಕಿವಿ ಊದಿದ್ದಾನೆ. ಅವರು ನೆವೆನಾನ ನೋಡ್ಬೇಕಂತೆ. ಪತ್ರಿಕೆಯಲ್ಲಿ ನೋಡಿದ್ದಾರಲ್ಲ."

"ನೋಡ್ಲಿ," ಅಂದಳು ನೆಫಿಸೆ.

"ಹೀಗಲ್ಲ." ಅವನು ಜೇಬಿನಿಂದ ಆ ಹಾಳೆಯನ್ನು ತೆಗೆದು ಬಿಡಿಸಿದ. "ಹೀಗೆ. ಕೂದಲು ಹೀಗೇ ಇರ್ಬೇಕು."

"ನನ್ ಕೂದ್ಲು ಹಂಗಿಲ್ಲ. ಜಡೆ ಐತೆ. ಪತ್ರಿಕೇಲಿ ತಪ್ಪಾಗಿ ಬರ್ದವ್ರೆ."

"ಪತ್ರಿಕೇಲಿ ತಪ್ಪು ಬರಲ್ಲ. ತಪ್ಪು ನಿನ್ನ ತಲೇಲಿದೆ. ಪಟ್ಟಣದಿಂದ ಕೂದಲು ಕತ್ತರಿಸೋಳು ಬರ್ತಾಳೆ, ಸರಿ ಮಾಡ್ತಾಳೆ." ವಲ್ಕೊ ದನಿ ಇಳಿಸಿದ. "ನೋಡು ನೆವೆನಾ. ನೀನು ಬಂದು ನಿಂತು ನಾಲ್ಕು ಮಾತು ಹೇಳಿದ್ರೆ ಶನಿವಾರದೊಳಗೆ ನಿನ್ನ ಗಂಡ ಈ ಬಾಗಿಲಲ್ಲಿರ್ತಾನೆ. ನನ್ನ ಮಾತು."

ಅವನು ಹೋದ. ಶೆರಿಫೆಗೆ ಮಾತು ಅರ್ಥವಾಗಿರಲಿಲ್ಲ, ಮಗನ ವಿಷಯ ಬಂದದ್ದು ಮಾತ್ರ ಹೇಗೋ ತಿಳಿದಿತ್ತು. ನೆಫಿಸೆ ಹೇಳಿದಳು. ಮುದುಕಿ ಗಲ್ಲದ ಗಂಜಿಯನ್ನು ಭುಜಕ್ಕೆ ಒರೆಸಿಕೊಂಡಳು. ಮಾರ್ಚ್‌ನಿಂದ ಮೊದಲ ಸಲ ಸೊಸೆಯ ಜೊತೆ ಮಾತಾಡಿದಳು.

"ತೋರ್ಸಿಬಿಡೇ."

"ಏನು?"

"ಕೂದ್ಲು. ಕೂದ್ಲು ತಾನೇ. ಮತ್ತೆ ಬೆಳೀತದೆ."

ನೆಫಿಸೆಗೆ ಸಿಟ್ಟು ನೆತ್ತಿಗೇರಿತು. "ಮಾಡದೇ ಇದ್ದದ್ದಕ್ಕೆ ಇಷ್ಟ್ ದಿನ ನಾಯಿ ಹಂಗೆ ತಿಂದೆ. ಈಗ ಅದ್ನೇ ಮಾಡು ಅಂತೀಯಲ್ಲ ಅತ್ತೆ, ನಾಚ್ಕೆ ಆಗಲ್ವಾ ನಿಂಗೆ?"

"ಆಗಲ್ಲ ಕಣೆ. ಹೆತ್ತೋಳ್ಗೆ ನಾಚ್ಕೆ ಎಲ್ಲಿಂದ ಬರ್ಬೇಕು?" ಮುದುಕಿ ಮಡಚಿದ ಕೈಗಳನ್ನು ಎತ್ತಿ ತೋರಿಸಿದಳು. "ಅವನು ಬರ್ಲಿ. ಅವನ ಮುಂದೇನೇ ನಿನ್ ಕೈಯಾಗೆ ಉಣ್ತೀನಿ. ನಿನ್ ಕಾಲಿಗೆ ಬೀಳ್ಬೇಕಾ? ಬೀಳ್ತೀನಿ."

ಬಿದ್ದೂಬಿಟ್ಟಳು. ನೆಫಿಸೆ ಅವಳನ್ನು ಎತ್ತಿ ಗೋಡೆಗೆ ಒರಗಿಸಿದಳು. "ಆಯ್ತು," ಅಂದಳು.

ಬುಧವಾರ ಕತ್ತಲಿರುವಾಗಲೇ ಎದ್ದು ಎಂದಿನಂತೆ ಎಲೆ ಕಿತ್ತಳು. ಬೆನ್ನು ಬಗ್ಗಿಸಿ, ಇಬ್ಬನಿಯಲ್ಲಿ ಮೊಣಕಾಲ ತನಕ ನೆನೆದು, ಗಿಡದ ಬುಡದಿಂದ ಒಂದೊಂದೇ ಎಲೆ ಕಿತ್ತಳು. ಹೊತ್ತು ಏರಿದ ಮೇಲೆ ಕರೆಸಿದರು. ಷೆಡ್ಡಿನ ಪಕ್ಕದ ಪಕ್ಷದ ಕಚೇರಿಯಲ್ಲಿ ಕನ್ನಡಿ, ಕುರ್ಚಿ ಇಟ್ಟಿದ್ದರು. ಕೂದಲು ಕತ್ತರಿಸುವ ಡೋಂಕಾ ದುಂಡಗಿನ, ಮಾತಿನಮಲ್ಲಿ ಹೆಂಗಸು. ಯಾನಾಕಿಯೆವ್ ಬಾಗಿಲಲ್ಲಿ ಸಿಗರೇಟು ಸೇದುತ್ತಿದ್ದ. ಅವನ ಎದುರಿಗೇ ತಲೆವಸ್ತ್ರ ಬಿಚ್ಚಿಸಿದರು. ನೆಫಿಸೆ ಕಣ್ಣು ಮುಚ್ಚಿಕೊಂಡಳು. ಬಟ್ಟೆಯನ್ನೆಲ್ಲ ಬಿಚ್ಚಿದಂತೆ ಆಯಿತು.

"ಅಯ್ಯೋ, ಎಂಥಾ ಜಡೆ ತಾಯೀ!" ಅಂದಳು ಡೋಂಕಾ. "ಕತ್ತರಿಸೋಕೆ ಹೊಟ್ಟೆ ಉರಿಯುತ್ತೆ." ಕತ್ತರಿಸಿದಳು. ಜಡೆ ನೆಲಕ್ಕೆ ಬಿತ್ತು. ಪತ್ರಿಕೆಯ ಹಾಳೆಯನ್ನು ಕನ್ನಡಿಗೆ ಸಿಕ್ಕಿಸಿಕೊಂಡು, ಅದನ್ನೊಮ್ಮೆ ಇವಳನ್ನೊಮ್ಮೆ ನೋಡುತ್ತ ಬಿಸಿ ಕಬ್ಬಿಣದಿಂದ ಗುಂಗುರು ಮಾಡತೊಡಗಿದಳು. ಸುಟ್ಟ ವಾಸನೆ ಬಂತು.

ಯಾನಾಕಿಯೆವ್ ಒಂದು ದೊಡ್ಡ ಹಾಳೆ ತಂದು ಡೋಂಕಾಳ ಕೈಗಿತ್ತ. "ನಾಳೆಯ ಪತ್ರಿಕೆಯ ಕರಡಚ್ಚು. ಇವತ್ತಿನ ಕಾರ್ಯಕ್ರಮದ ವರದಿ ಇದೆ. ಇವಳು ಏನು ಹೇಳಿದಳು ಅಂತ ಇದರಲ್ಲಿ ಅಚ್ಚಾಗಿದೆ. ಓದಿ ಓದಿ ಬಾಯಿಪಾಠ ಮಾಡ್ಸು, ಒಂದು ಪದ ಆಚೀಚೆ ಆಗ್ಬಾರ್ದು." ಅಷ್ಟು ಹೇಳಿ ಹೊರಗೆ ಹೋದ. ಇವತ್ತು ಇನ್ನೂ ಆಗದ್ದು ನಾಳೆಗೆ ಆಗಲೇ ಅಚ್ಚಾಗಿತ್ತು. ನೆಫಿಸೆಗೆ ಅಪ್ಪನ ಹೇಸರಗತ್ತೆಗಳು ನೆನಪಾದವು.

ಡೋಂಕಾ ಒಂದು ಕೈಯಲ್ಲಿ ಕಬ್ಬಿಣ, ಒಂದು ಕೈಯಲ್ಲಿ ಹಾಳೆ ಹಿಡಿದು ಶಾಲೆಯ ಹುಡುಗಿಯಂತೆ ರಾಗವಾಗಿ ಓದಿದಳು. "'ಅತಿಥಿಗಳನ್ನು ನಗುಮುಖದಿಂದ ಸ್ವಾಗತಿಸಿದ ನೆವೆನಾ, ಪಕ್ಷ ನನಗೆ ಹೊಸ ಜನ್ಮ ಕೊಟ್ಟಿದೆ ಎಂದಳು. ಗಂಡ ಜೂನ್ ತಿಂಗಳಲ್ಲಿ ತೀರಿಕೊಂಡರೂ ಈ ವಿಧವೆ ಎದೆಗುಂದಿಲ್ಲ. ಪಕ್ಷವೇ ಈಗ ನನ್ನ ಕುಟುಂಬ ಎಂದು...'"

"ಇನ್ನೊಂದ್ಸಲ ಓದು," ಅಂದಳು ನೆಫಿಸೆ.

ಬಾಯಿಪಾಠಕ್ಕೆಂದು ತಿಳಿದು ಡೋಂಕಾ ಮತ್ತೆ ಓದಿದಳು. ಮತ್ತೆ 'ವಿಧವೆ' ಎಂದಳು. ಮೂರನೆಯ ಸಲ ಓದುವಾಗ ಕನ್ನಡಿಯಲ್ಲಿ ನೆಫಿಸೆಯ ಮುಖ ಕಂಡಿತು. ಓದು ಅಲ್ಲೇ ನಿಂತಿತು.

"ನಿಂಗೆ... ಗೊತ್ತಿರ್ಲಿಲ್ವಾ ತಾಯೀ?"

ನೆಫಿಸೆ ಎದ್ದು ಬಾಗಿಲಿಗೆ ಬಂದಳು. ಹೊರಗೆ ವಲ್ಕೊ, ಯಾನಾಕಿಯೆವ್ ಇಬ್ಬರೂ ನಿಂತಿದ್ದರು. ಅವಳ ಅರ್ಧ ತಲೆ ಗುಂಗುರು, ಅರ್ಧ ತಲೆ ನೆಟ್ಟಗೆ.

"ನನ್ ಗಂಡ ಸತ್ತವ್ನಾ?"

ಯಾನಾಕಿಯೆವ್ ವಲ್ಕೊನ ಕಡೆ ತಿರುಗಿದ. "ಹೇಳಿಲ್ವಾ ನೀನು?"

"ಇವತ್ತೊಂದು ದಿನ ಮುಗೀಲಿ ಅಂತ," ಎಂದು ವಲ್ಕೊ ಟೋಪಿ ಸರಿಮಾಡಿಕೊಂಡ. "ನ್ಯುಮೋನಿಯಾ. ಶೀತ ಆಗಿ..."

"ಜೂನ್ನಾಗೆ ಶೀತ?" ಅಂದಳು ನೆಫಿಸೆ. "ಜುಲೈನಾಗೆ ಕಾಲುಚೀಲ ಇಸ್ಕೊಂಡು ಹೋದ್ಯಲ್ಲೋ ಬೇವರ್ಸಿ. ಯಾರ ಕಾಲಿಗೆ ಹಾಕ್ದೆ?"

ನಲವತ್ತು ವರ್ಷ ಸುಳ್ಳು ಬರೆದುಕೊಂಡು ಬಂದ ಪತ್ರಿಕೆ ಒಂದು ನಿಜ ಬರೆದಿತ್ತು. ಅದೂ ಎಡವಿ ಬರೆದದ್ದು. ಯಾನಾಕಿಯೆವ್ ಗಡಿಯಾರ ನೋಡಿಕೊಂಡು, "ಬೇಗ ಮುಗಿಸ್ರೀ, ಕಾರುಗಳು ಬರೋ ಹೊತ್ತಾಯ್ತು," ಅಂದ. ಅವನಿಗಿದ್ದ ಚಿಂತೆ ಅದೊಂದೇ.

ನೆಫಿಸೆ ಒಳಗೆ ಹೋದಳು. ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡಳು. ಗುಂಗುರನ್ನು ಹಿಡಿಹಿಡಿಯಾಗಿ ಹಿಡಿದು ಬುಡಕ್ಕೇ ಕತ್ತರಿಸಿದಳು. ಕನ್ನಡಿ ನೋಡಲಿಲ್ಲ. ಕತ್ತರಿ ಕೂದಲಿನ ಜೊತೆ ಚರ್ಮವನ್ನೂ ತೆಗೆಯಿತು. ಕಿವಿಯ ಹಿಂದಿನಿಂದ ರಕ್ತ ಕುತ್ತಿಗೆಗೆ ಇಳಿಯಿತು. ಡೋಂಕಾ ಕಿರುಚಿದಳು. ವಲ್ಕೊ ಓಡಿ ಬಂದು ಕೈ ತಿರುಚಿದಾಗ ತಲೆಯ ಮೇಲೆ ಪತ್ರಿಕೆಗೆ ಬೇಕಾದದ್ದು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಕಾರುಗಳು ಅಂಗಳಕ್ಕೆ ಬಂದವು. ಬಾಗಿಲ ಎದುರಿಗೇ ಕ್ಯಾಮೆರಾ ಹಿಡಿದವರು ಇಳಿದರು. ವಲ್ಕೊ ಹಿಡಿದ ಕೈಯನ್ನು ಬಿಟ್ಟು ಹಲ್ಲು ಕಿರಿದ. ನೆಫಿಸೆ ಅವರ ನಡುವಿನಿಂದ ಹಾದು ಷೆಡ್ಡಿನೊಳಗೆ ಹೋಗಿ ನಿಂತಳು.

ಷೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಎಲೆ ಪೋಣಿಸುತ್ತಿದ್ದರು. ಎಲ್ಲರ ತಲೆವಸ್ತ್ರವನ್ನೂ ಬೆಳಗ್ಗೆಯೇ ಕಿತ್ತುಕೊಂಡಿದ್ದರು. ಶೆರಿಫೆಯನ್ನು ಹೊಸ ಬಟ್ಟೆ ಉಡಿಸಿ, ಕೈಗಳು ಕಾಣದಂತೆ ಮಡಿಲಲ್ಲಿ ಹೂಗುಚ್ಛ ಇಟ್ಟು ಮುಂದೆ ಕೂರಿಸಿದ್ದರು. ಅತಿಥಿಗಳು ಬಂದು ನಿಂತರು. ದುಭಾಷಿ ಹುಡುಗ ಬೆವರುತ್ತಿದ್ದ. ನೆಫಿಸೆ ತುರ್ಕಿಯಲ್ಲಿ ಮಾತಾಡಿದಳು. ದಂಡ ಬೀಳುವ ಭಾಷೆಯಲ್ಲಿ, ಗಟ್ಟಿಯಾಗಿ.

"ನಾನು ನೆಫಿಸೆ. ನನ್ ಗಂಡ ನಾಜಿಫ್. ಹೆಸ್ರು ಬಿಡಲ್ಲ ಅಂದಿದ್ದಕ್ಕೆ ದ್ವೀಪಕ್ಕೆ ಹೊತ್ಕೊಂಡು ಹೋಗಿ ಸಾಯಿಸಿದ್ರು. ಆ ಕಾಗ್ದ ನಾನು ಬರ್ದಿಲ್ಲ. ಆ ಕೂದ್ಲು ನಂದಲ್ಲ."

ದುಭಾಷಿ ಅವರ ಭಾಷೆಯಲ್ಲಿ ಏನೋ ಹೇಳಿದ. ಅತಿಥಿಗಳು ನಗುತ್ತ ಚಪ್ಪಾಳೆ ತಟ್ಟಿದರು.

ಶೆರಿಫೆಗೆ ಯಾವ ದುಭಾಷಿಯೂ ಬೇಕಿರಲಿಲ್ಲ. ಮುದುಕಿಯ ಮಡಿಲಿಂದ ಹೂಗುಚ್ಛ ಬಿತ್ತು. ಮಡಚಿದ ಕೈಗಳಿಂದ ಎದೆಗೆ ಬಡಿದುಕೊಳ್ಳುತ್ತ ಸತ್ತವರನ್ನು ಕರೆಯುವ ಹಾಡಿಗೆ ದನಿ ಎತ್ತಿದಳು. ನಾಜಿಫ್, ನನ್ನ ಕುರಿಮರಿ, ಯಾವ ನೀರಿನಲ್ಲಿ ನಿನ್ನ ತೊಳೆದರು, ಯಾವ ಬಟ್ಟೆಯಲ್ಲಿ ಸುತ್ತಿದರು. ಗುಲ್ಸುಮ್ ಸೂಜಿ ಕೆಳಗೆ ಹಾಕಿ ಜೊತೆಗೂಡಿದಳು. ಆಮೇಲೆ ಪಕ್ಕದವಳು, ಅವಳ ಪಕ್ಕದವಳು. ಇಡೀ ಷೆಡ್ಡು ಗೋಳಿಟ್ಟಿತು. ತಂಬಾಕಿನ ಅಂಟಿನಿಂದ ಕಪ್ಪಾದ ಕೈಗಳು ಎದೆಗೆ ಬಡಿದವು.

ದುಭಾಷಿ ಮತ್ತೆ ಏನೋ ಹೇಳಿದ. ಒಬ್ಬ ಅತಿಥಿ ಟೇಪ್ ರೆಕಾರ್ಡರನ್ನು ಹತ್ತಿರ ತಂದು ಹಿಡಿದ. ಇನ್ನೊಬ್ಬ ತಾಳ ಹಾಕುವಂತೆ ತಲೆ ಆಡಿಸಿದ. ಉಸಿರಿಗೆಂದು ಹೆಂಗಸರು ನಿಂತಾಗ ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು. ಹೆಂಗಸರು ನಿಲ್ಲಿಸಲಿಲ್ಲ. ಚಪ್ಪಾಳೆಯ ಮೇಲೆಯೇ ಅತ್ತರು. ಒಬ್ಬಳು ಹೊರದೇಶದ ಹೆಂಗಸು ಮಾತ್ರ ಕೈ ಇಳಿಸಿ ನೆಫಿಸೆಯ ಕತ್ತಿನ ರಕ್ತವನ್ನು ನೋಡುತ್ತ ನಿಂತಳು. ದುಭಾಷಿಯನ್ನು ಏನೋ ಕೇಳಿದಳು. ಅವನು ಏನೋ ಹೇಳಿದ. ಅವಳು ಬರೆದುಕೊಂಡಳು. ಆಮೇಲೆ ಅವರನ್ನೆಲ್ಲ ಊಟಕ್ಕೆ ಕರೆದುಕೊಂಡು ಹೋದರು. ಸುಟ್ಟ ಕುರಿಮರಿ, ಕೆಂಪು ವೈನು.

ಮರುದಿನ ಬೆಳಗ್ಗೆ ಪತ್ರಿಕೆಯೂ ಬಂತು, ಲಾರಿಯೂ ಬಂತು. ಅತ್ತೆ ಸೊಸೆ ಇಬ್ಬರನ್ನೂ ಉತ್ತರದ ಯಾವುದೋ ಊರಿಗೆ ಸಾಗಿಸಬೇಕೆಂದು ಆಜ್ಞೆ. ಅಷ್ಟರಲ್ಲಿ ನೆಫಿಸೆಯ ಒಲೆಯ ಮೇಲೆ ಬಾಣಲೆ ಇತ್ತು. ಗುಲ್ಸುಮ್ ಹಿಟ್ಟು, ಬೆಣ್ಣೆ, ಪತ್ರಿಕೆ ತಂದು ಹೊಸಿಲಲ್ಲಿ ಇಟ್ಟಿದ್ದಳು. ಇಟ್ಟು ಹೋಗದೆ ನಿಂತಿದ್ದಳು.

"ಮೊಳೆಗೆ ಸಿಕ್ಕಿಸ್ದೋಳು ನಾನೇ ಕಣೆ. ಬೈಯಿ."

"ಹಿಟ್ಟು ಹುರೀಬೇಕು. ಬೈಯೋಕೆ ಪುರಸೊತ್ತಿಲ್ಲ. ಒಳಗ್ ಬಾ. ಏನ್ ಬರ್ದವ್ರೆ ಓದು."

ಗುಲ್ಸುಮ್ ಓದಿದಳು. ಕರಡಚ್ಚಿನಲ್ಲಿದ್ದದ್ದೇ ಇತ್ತು, ಒಂದು ಪದ ಆಚೀಚೆ ಆಗಿರಲಿಲ್ಲ. ಕೊನೆಗೆ ಒಂದು ಸಾಲು ಸೇರಿತ್ತು. 'ಮಹಿಳೆಯರು ಹಳೆಯ ಜನಪದ ಗೀತೆಯೊಂದನ್ನು ಹಾಡಿ ಅತಿಥಿಗಳ ಮನ ತಣಿಸಿದರು.' ಮೇಲೆ ಗುಂಗುರು ಕೂದಲಿನ ನೆವೆನಾ ನಗುತ್ತಿದ್ದಳು. ಅವಳ ಪಕ್ಕದಲ್ಲಿ, ಅವಳಿಗಿಂತ ನಾಲ್ಕು ಪಟ್ಟು ದೊಡ್ಡದಾಗಿ ನಾಯಕ.

ವಲ್ಕೊ ಬಾಗಿಲಿಗೆ ಬಂದ. "ಏಳ್ರಿ, ಲಾರಿ ಕಾಯ್ತಿದೆ. ಏನದು? ಸತ್ತವರ ಹಲ್ವಾನಾ? ನಿಷೇಧ ಅಂತ ಗೊತ್ತಿಲ್ವಾ ನಿಂಗೆ?"

ನೆಫಿಸೆ ಸೌಟು ನಿಲ್ಲಿಸಲಿಲ್ಲ. ಹಿಟ್ಟನ್ನು ಅವಸರದಲ್ಲಿ ಹುರಿದರೆ ಹಸಿ ಉಳಿಯುತ್ತದೆ. "ನಾನು ವಿಧವೆ ಅಂತ ಪತ್ರಿಕೇಲಿ ಬಂದದೆ. ಪತ್ರಿಕೇಲಿ ತಪ್ಪು ಬರಲ್ಲ ಅಂದೋನು ನೀನೇ. ವಿಧವೆ ಮನೇಲಿ ಹಲ್ವಾ ಹುರೀತಾರೆ."

ವಲ್ಕೊ ಲಾರಿಯ ಕಡೆ ಒಮ್ಮೆ ತಿರುಗಿ ನೋಡಿದ. ಹಿತ್ತಲಿನಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ಗೋಡೆಗೆ ಒರಗಿ ಕೂತರು. ಹಿಟ್ಟು ಕೆಂಪಗಾಗುವ ಮೊದಲೇ ಒಲೆ ನಂದುತ್ತ ಬಂತು. ನೆಫಿಸೆ ಪತ್ರಿಕೆಯನ್ನು ಕೈಗೆ ತೆಗೆದುಕೊಂಡಳು. ಶೆರಿಫೆಯ ಕಣ್ಣು ರೂಢಿಯಂತೆ ಒಲೆಯ ಪಕ್ಕ ತೂಗುತ್ತಿದ್ದ ಕತ್ತರಿಯ ಕಡೆ ಹೋಯಿತು. ಎಲ್ಲರ ಕಣ್ಣೂ ಹೋಯಿತು. ವಲ್ಕೊನದೂ ಹೋಯಿತು.

ನೆಫಿಸೆ ಕತ್ತರಿ ಮುಟ್ಟಲಿಲ್ಲ. ನೆವೆನಾ, ನಾಯಕ ಇಬ್ಬರನ್ನೂ ಸೇರಿಸಿ ಮುದ್ದೆ ಮಾಡಿ ಒಲೆಗೆ ಒಡ್ಡಿದಳು. ನಾಯಕನ ಮುಖ ಮೊದಲು ಹಳದಿಯಾಗಿ, ಆಮೇಲೆ ಕಪ್ಪಾಯಿತು. ಇನ್ನೂ ಸಾಲಲಿಲ್ಲ. "ಅಕ್ಕಾ, ಅತ್ತೆ ಮಂಚದ ಕೆಳಗಿರೋ ಮೂಟೆ ಎಳ್ಕೊಂಡು ಬಾ," ಅಂದಳು. ಗುಲ್ಸುಮ್ ಎಳೆದುಕೊಂಡು ಬಂದಳು. ಬೆಂಕಿ ಚೆನ್ನಾಗಿ ಹತ್ತಿತು.

"ಇದಕ್ಕೆ ಎಷ್ಟು ವರ್ಷ ಅಂತ ಗೊತ್ತಾ ನಿಂಗೆ?" ವಲ್ಕೊ ಹೊಸಿಲು ಬಿಟ್ಟು ಹಿಂದೆ ಸರಿದ. "ಗೊತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೊಲೀಸರನ್ನು ಕೂಗಲು ಲಾರಿಯ ಕಡೆ ಓಡಿದ.

ಬೆಣ್ಣೆ ಬಿದ್ದ ಹಿಟ್ಟಿನ ವಾಸನೆ ಮನೆಯೆಲ್ಲ ತುಂಬಿತು. ನೆಫಿಸೆ ಬಾಣಲೆ ಇಳಿಸಿದಳು. ಸುಡುವ ಹಲ್ವಾವನ್ನು ಕಪ್ಪು ಬೆರಳುಗಳಲ್ಲಿ ಉಂಡೆ ಮಾಡಿ, ಊದಿ, "ನಾಜಿಫ್‌ಗೆ," ಎಂದು ಅತ್ತೆಯ ಮುಂದೆ ಹಿಡಿದಳು.

ಶೆರಿಫೆ ಬಾಯಿ ತೆರೆದಳು.

ಅಂಗಳದಲ್ಲಿ ಬೂಟಿನ ಸದ್ದು ಹತ್ತಿರ ಬಂತು. ನೆಫಿಸೆ ಎರಡನೆಯ ತುತ್ತು ಮಾಡಿದಳು.